ಬಂದ ಲಕ್ಷ್ಮಿಗೆ ಬಾಗಿಲು ಹಾಕಿದವನ ತಕರಾರು

ಬೆಳಗಾವಿಯ ಸಿಬಿಟಿ ಬಸ್ ನಿಲ್ದಾಣದಲ್ಲಿ ನಿಂತು ಯಾರಿಗಾದರೂ ‘ಹಿಂಡಲಗಾಕ್ಕ ಹೊಂಟೀನಿ’ ಎಂದು ಹೇಳಿ ನೋಡಿ. ‘ಎಷ್ಟ್ ವರ್ಷದ್ದ್ರೀ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. 1923ರಲ್ಲಿ ಬ್ರಿಟಿಷರು ಕಟ್ಟಿದ ಕಾರಾಗೃಹ ಊರಿನ ಹೆಸರನ್ನೇ ನುಂಗಿಬಿಟ್ಟಿದೆ. ಆ ಊರಿನಲ್ಲಿ ನಾನು ಹದಿನೆಂಟು ವರ್ಷದಿಂದ ಮನೆಯ ಮುಂದಿನ ಕೋಣೆಯಲ್ಲಿ ಕೂತು ಕನ್ನಡ, ಮರಾಠಿ ಡಿಟಿಪಿ ಮಾಡುತ್ತೇನೆ. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ಸೊಸೈಟಿಗಳ ವಾರ್ಷಿಕ ಅಹವಾಲು, ಶಾಲೆಯ ಸ್ಮರಣಸಂಚಿಕೆ, ಆಗೀಗ ಒಂದು ಪುಸ್ತಕದ ಪುಟವಿನ್ಯಾಸ, ಒಂದಿಷ್ಟು ಅನುವಾದ. ಪಗಾರ ಇಲ್ಲ, ಸಾಹೇಬ ಇಲ್ಲ, ಹಾಜರಿ ಇಲ್ಲ. ಹದಿನೆಂಟು ವರ್ಷದ ಹಿಂದೆ ಇದನ್ನು ಕೇಳಿದ ಬಂಧುಗಳು ‘ನೌಕರಿ ಸಿಗಲಿಲ್ಲೇನಪಾ’ ಎನ್ನುತ್ತಿದ್ದರು. ಈಗ ಅವರ ಮಕ್ಕಳು ‘ನಿಮ್ಮದ ಛಲೋ ಬಿಡ್ರಿ ಕಾಕಾ, ಫ್ರೀಲಾನ್ಸ್’ ಎನ್ನುತ್ತಾರೆ. ಎರಡು ಮಾತಿಗೂ ನನ್ನ ತಕರಾರಿದೆ, ಆದರೆ ಹೆಚ್ಚಿನ ತಕರಾರು ಎರಡನೆಯದರ ಮೇಲೆ.

ಈ ಕಸುಬಿನ ಬಗ್ಗೆ ನಮ್ಮಲ್ಲಿ ಎರಡು ಬಗೆಯ ಉಪದೇಶಕರಿದ್ದಾರೆ. ಹಿರಿಯರು ‘ಮನೀಗೆ ಬಂದ ಲಕ್ಷ್ಮೀನ ಹೊರಗ ನಿಲ್ಲಸಬಾರದು’ ಎನ್ನುತ್ತಾರೆ. ಅಂದರೆ ಯಾವ ಕೆಲಸ ಬಂದರೂ, ಯಾವ ದರಕ್ಕೆ ಬಂದರೂ, ಯಾವ ಹೊತ್ತಿಗೆ ಬಂದರೂ ಒಪ್ಪಿಕೋ. ಮೊಬೈಲಿನಲ್ಲಿ ಮಾತಾಡುವ ಹೊಸ ಗುರುಗಳು ‘ನಿಮಗೆ ನೀವೇ ಬಾಸ್, ಗಿರಾಕಿ ಹೆಚ್ಚಾದಷ್ಟೂ ಭದ್ರತೆ ಹೆಚ್ಚು’ ಎನ್ನುತ್ತಾರೆ. ಒಬ್ಬರದು ಭಯ, ಇನ್ನೊಬ್ಬರದು ಹುರುಪು. ಕೊನೆಗೆ ಇಬ್ಬರೂ ಹೇಳುವುದು ಒಂದೇ: ಬಂದದ್ದನ್ನೆಲ್ಲ ಬಾಚಿಕೋ, ಸುಖ ಆಮೇಲೆ ನೋಡೋಣ. ಈ ಮಾತು ಸುಳ್ಳು. ಅದನ್ನು ಹದಿಮೂರು ವರ್ಷ ನಂಬಿ ಕೆಟ್ಟವನು ನಾನು.

ಒಂದು ರಾತ್ರಿಯ ಕತೆ ಹೇಳುತ್ತೇನೆ. ಲಗ್ನಸರಾಯಿಯ ದಿನಗಳು. ಒಂಬತ್ತೂವರೆಗೆ ಉಚಗಾಂವ ಕಡೆಯ ಒಬ್ಬರು ಬಂದರು. ಗಂಡಿನವರಿಗೆ ಮರಾಠಿಯಲ್ಲಿ ಪತ್ರಿಕೆ, ಬೈಲಹೊಂಗಲ ಕಡೆಯ ಹೆಣ್ಣಿನವರಿಗೆ ಕನ್ನಡದಲ್ಲಿ, ಬೆಳಿಗ್ಗೆ ಎಂಟಕ್ಕೆ ಪ್ರೆಸ್ಸಿಗೆ ಹೋಗಬೇಕು. ಆಶೀರ್ವಾದ ಬಯಸುವವರ ಹೆಸರು ಮೂವತ್ನಾಲ್ಕು. ಮೊದಲ ಪ್ರೂಫಿನಲ್ಲಿ ಸೋದರಮಾವನ ಹೆಸರು ಕಾಕಾನ ಹೆಸರಿನ ಕೆಳಗೆ ಬಂತೆಂದು ತಕರಾರು. ಎರಡನೆಯದರಲ್ಲಿ ಒಬ್ಬರಿಗೆ ‘ಶ್ರೀ’ ಸಾಲದು, ‘ಶ್ರೀಮಾನ್’ ಬೇಕು. ಮೂರನೆಯದರಲ್ಲಿ ಚಿತ್ರದ ಗಣಪತಿಯ ಸೊಂಡಿಲು ತಿರುಗಿಸಬೇಕು. ವಾಟ್ಸಾಪಿನಲ್ಲಿ ಪ್ರೂಫ್ ಹೋಗುತ್ತಿದೆ, ಅತ್ತ ಮನೆಯ ಮಂದಿಯೆಲ್ಲ ಮೊಬೈಲ್ ಸುತ್ತ ಕೂತು ಒಬ್ಬೊಬ್ಬರೇ ತಮ್ಮ ತಮ್ಮ ಹೆಸರು ಹುಡುಕುತ್ತಿದ್ದಾರೆ. ಆರನೆಯ ಕರೆಕ್ಷನ್ ಮಾಡುವ ಹೊತ್ತಿಗೆ ರಾತ್ರಿ ಒಂದು. ಮರಾಠಿ ಪತ್ರಿಕೆಗಳಲ್ಲಿ ತೀರಿಕೊಂಡವರ ಹೆಸರಿನ ಹಿಂದೆ ‘ಕೈ.’ ಎಂದು ಹಾಕುತ್ತಾರೆ, ಕೈಲಾಸವಾಸಿ ಎಂದು. ಮುತ್ಯಾನ ಹೆಸರಿಗಿದ್ದ ಆ ‘ಕೈ.’ ಒಂದು ಸಾಲು ಕೆಳಗೆ ಜಾರಿ ಗಟ್ಟಿಮುಟ್ಟಾಗಿದ್ದ ದೊಡ್ಡಪ್ಪನ ಹೆಸರಿಗೆ ಹತ್ತಿಕೊಂಡಿತ್ತು. ನಾನು ನೋಡಲಿಲ್ಲ, ಅವರ ಮನೆಯ ಯಾರೂ ನೋಡಲಿಲ್ಲ. ಬೆಳಿಗ್ಗೆ ಪ್ಲೇಟ್ ಮಾಡುವ ಹುಡುಗ ಫೋನ್ ಮಾಡಿ ‘ಸರ, ಇವರು ಹೋದ್ರೇನ್ರೀ? ನಿನ್ನೆ ನಮ್ಮ ಅಂಗಡಿಗೆ ಬಂದಿದ್ರಲ್ಲ’ ಎಂದು ಕೇಳಿದ. ಆ ಹುಡುಗನಿಗೆ ನಾನು ಇವತ್ತಿಗೂ ಋಣಿ. ಆ ರಾತ್ರಿಯ ಮಜೂರಿ 450 ರೂಪಾಯಿ. ನಾನೂರು ಕೈಗೆ ಬಂತು, ಐವತ್ತು ಉದ್ರಿ.

ದೊಡ್ಡಪ್ಪ ಬದುಕಿದ್ದಾಗಲೇ ಅವರನ್ನು ಕೈಲಾಸಕ್ಕೆ ಕಳಿಸಿದ್ದು ಅಜಾಗರೂಕತೆ ಎನ್ನಬಹುದು. ಹದಿನಾರು ತಾಸು ಪರದೆ ನೋಡಿದ ಕಣ್ಣಿಗೆ ಜಾಗರೂಕತೆ ಎಲ್ಲಿಂದ ಬರಬೇಕು? ಬಂದ ಲಕ್ಷ್ಮಿಯನ್ನು ಒಳಗೆ ಕರೆದುಕೊಂಡವನು ಅವಳಿಗೆ ಕೂರಲು ಮಣೆಯನ್ನೂ ಕೊಡಲಾರದ ಸ್ಥಿತಿಯಲ್ಲಿದ್ದ.

2020ರ ಲಾಕ್‌ಡೌನ್‌ನಲ್ಲಿ ಕೆಲಸವಿಲ್ಲದೆ ಕೂತಾಗ ಹಿಂದಿನ ವರ್ಷದ ವಹಿ ತೆಗೆದೆ. ನಾನು ಕೆಟ್ಟ ವ್ಯಾಪಾರಿ, ಆದರೆ ಬರೆದಿಡುವ ಚಟ ಉಂಟು. ಒಂದು ವರ್ಷಕ್ಕೆ 83 ಗಿರಾಕಿಗಳು. ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದ ಸಂಖ್ಯೆ ಅದು. ಪೆನ್ಸಿಲ್ ಹಿಡಿದು ಕೂಡಿಸಿದರೆ, ಏಳು ಗಿರಾಕಿಗಳಿಂದ ನೂರಕ್ಕೆ ಅರವತ್ತಕ್ಕಿಂತ ತುಸು ಹೆಚ್ಚು ರೊಕ್ಕ ಬಂದಿತ್ತು. ಉಳಿದ 76 ಮಂದಿ ಮಿಕ್ಕದ್ದನ್ನು ಕೊಟ್ಟು, ನನ್ನ ರಾತ್ರಿಗಳನ್ನೆಲ್ಲ ಒಯ್ದಿದ್ದರು. ಬಾರದೆ ಉಳಿದ ಉದ್ರಿ 31 ಸಾವಿರ. ಅದರಲ್ಲಿ ಆ ಏಳು ಮಂದಿಯ ಪಾಲು ಬಹಳ ಕಡಿಮೆ.

‘ಗಿರಾಕಿ ಹೆಚ್ಚಿದ್ದರೆ ಒಬ್ಬ ಹೋದರೂ ನಡೆಯುತ್ತದೆ’ ಎನ್ನುವವರಿಗೆ 2020ರ ಮಾರ್ಚ್ 24ರ ರಾತ್ರಿಯ ಲಾಕ್‌ಡೌನ್ ಘೋಷಣೆ ಉತ್ತರ ಕೊಟ್ಟಿತ್ತು. ನನ್ನ 83ರಲ್ಲಿ ಒಬ್ಬ ಹೋಗಲಿಲ್ಲ, ಹೆಚ್ಚುಕಡಿಮೆ ಎಲ್ಲರೂ ಒಂದೇ ದಿನ ಹೋದರು. ಯಾಕೆಂದರೆ ಅವರಲ್ಲಿ ಹೆಚ್ಚಿನವರು ಲಗ್ನ, ಜಾತ್ರೆ, ಉದ್ಘಾಟನೆ, ಸನ್ಮಾನಗಳ ಗಿರಾಕಿಗಳು. ಹತ್ತು ಕಡೆ ಹೊಲ ಇದ್ದರೂ ಎಲ್ಲವೂ ಒಂದೇ ಮಳೆಯನ್ನು ನೆಚ್ಚಿದರೆ ಅದು ಹತ್ತು ಹೊಲ ಹೇಗಾದೀತು? ಹಿಂಡಲಗಾದಿಂದ ವೆಂಗುರ್ಲಾ ರಸ್ತೆ ಹಿಡಿದು ಸುಳಗಾ ದಾಟಿದರೆ ಕೆಂಪು ನೆಲದ ರೈತ ಗೆಣಸು ಹಾಕುತ್ತಾನೆ. ತಗ್ಗಿನ ಗದ್ದೆಯವನು ಭತ್ತ ಕೊಯ್ದ ಮೇಲೆ ಅದೇ ಪಸೆಯಲ್ಲಿ ಕಡಲೆಯನ್ನೋ ಮಸೂರವನ್ನೋ ಬಿತ್ತುತ್ತಾನೆ. ಅವನು ಹೊಲದ ಸಂಖ್ಯೆ ಹೆಚ್ಚಿಸಲು ಹೊರಟಿಲ್ಲ. ಒಂದು ಬೆಳೆ ಕೈಕೊಟ್ಟ ಕಾಲಕ್ಕೆ ಇನ್ನೊಂದು ಬೆಳೆ ನಿಂತಿರುವಂತೆ ನೋಡಿಕೊಳ್ಳುತ್ತಾನೆ. ನಮ್ಮ ಮೊಬೈಲ್ ಗುರುಗಳಿಗೆ ಈ ಲೆಕ್ಕ ಬರುವುದಿಲ್ಲ. ಅವರಿಗೆ ಗೊತ್ತಿರುವುದು ತಲೆ ಎಣಿಸುವುದೊಂದೇ.

‘ನಿಮಗೆ ನೀವೇ ಬಾಸ್’ ಎಂಬ ಮಾತಿಗೆ ಬರೋಣ. ಫ್ರೀಲಾನ್ಸ್ ಎಂಬ ಪದ ಹೆಸರಾದದ್ದು 1819ರ ಕೊನೆಗೆ ಬಂದ ವಾಲ್ಟರ್ ಸ್ಕಾಟನ ‘ಐವನ್‌ಹೋ’ ಕಾದಂಬರಿಯಿಂದ. ಯಾವ ಅರಸನಿಗೂ ಕಟ್ಟುಬೀಳದೆ ಈಟಿ ಹಿಡಿದು ಬಾಡಿಗೆಗೆ ಕಾದುವ ಸಿಪಾಯಿ ಎಂದು ಅದರ ಅರ್ಥ. ಮರಾಠಾ ಲಘು ಪದಾತಿ ದಳದ ಕೇಂದ್ರ ಇರುವ ನಮ್ಮ ಊರಿಗೆ ಇದು ಹೊಸ ಕಲ್ಪನೆಯೇನಲ್ಲ. ಮರಾಠರ ಕುದುರೆ ಪಡೆಯಲ್ಲಿ ಎರಡು ಬಗೆಯವರಿದ್ದರು: ಬಾರಗೀರ ಮತ್ತು ಶಿಲೇದಾರ. ಬಾರಗೀರನಿಗೆ ಕುದುರೆ, ಹತಾರು ಎಲ್ಲ ಸರ್ಕಾರದ್ದು. ಶಿಲೇದಾರ ಸ್ವಂತ ಕುದುರೆ, ಸ್ವಂತ ಕತ್ತಿ ತಂದವನು. ಗತ್ತು ಶಿಲೇದಾರನದು, ಸಂಬಳವೂ ಅವನಿಗೇ ಹೆಚ್ಚು. ಆದರೆ ಕುದುರೆ ಸತ್ತರೆ ನಷ್ಟವೂ ಅವನದೇ. ಬ್ರಿಟಿಷರು ಇದೇ ಪದ್ಧತಿಯನ್ನು ‘ಸಿಲ್ಲದಾರ್’ ಎಂಬ ಹೆಸರಿನಲ್ಲಿ ತಮ್ಮ ಕುದುರೆ ದಂಡುಗಳಲ್ಲಿ ಇಟ್ಟುಕೊಂಡರು, ಅಗ್ಗವಾಗುತ್ತದೆ ಎಂದು. ಮೊದಲ ಮಹಾಯುದ್ಧ ಬಂದು ಕುದುರೆಗಳು ಸಾಲುಸಾಲಾಗಿ ಬಿದ್ದಾಗ ಆ ಪದ್ಧತಿ ತಡೆದುಕೊಳ್ಳಲಾರದೆ ಹೋಯಿತು. ಯುದ್ಧ ಮುಗಿದ ಮೇಲೆ ಕೈಬಿಟ್ಟರು. ಇಂದು ಸ್ವಂತ ಲ್ಯಾಪ್‌ಟಾಪ್, ಸ್ವಂತ ಇಂಟರ್‌ನೆಟ್, ಸ್ವಂತ ಕರೆಂಟ್ ಬಿಲ್ಲಿನ ಹುಡುಗರನ್ನು ನೋಡಿದಾಗ ನನಗೆ ಶಿಲೇದಾರರ ನೆನಪಾಗುತ್ತದೆ. ಕುದುರೆ ನಿನ್ನದು ಎಂದು ಬೆನ್ನು ತಟ್ಟುವವನು ಹುಲ್ಲಿನ ಖರ್ಚನ್ನು ನಿನ್ನ ತಲೆಗೆ ಕಟ್ಟುತ್ತಿದ್ದಾನೆ.

ಇನ್ನೂ ಹತ್ತಿರದ ಉದಾಹರಣೆ ಬೇಕಿದ್ದರೆ ವಡಗಾಂವ, ಖಾಸಬಾಗಕ್ಕೆ ಹೋಗಿ. ಮನೆಯ ನಡುವೆ ಸ್ವಂತ ಮಗ್ಗ ಇಟ್ಟುಕೊಂಡ ನೇಕಾರನನ್ನು ‘ಮಾಲೀಕ’ ಎಂದೇ ಕರೆಯಬೇಕು. ಆದರೆ ನೂಲು ಸಾವಕಾರನದು, ಸೀರೆಯ ದರ ಸಾವಕಾರನದು, ನೂಲು ಕೊಡದ ವಾರ ಮಗ್ಗ ಸುಮ್ಮನೆ ನಿಲ್ಲುತ್ತದೆ, ಆ ವಾರದ ಮಜೂರಿಯೂ ನಿಲ್ಲುತ್ತದೆ. ಉದ್ಯಮಬಾಗದ ಸಣ್ಣ ಶೆಡ್ಡುಗಳಲ್ಲಿ ಲೇಥ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುವವನ ಪಾಡೂ ಬೇರೆಯಲ್ಲ. ಹತಾರು ಯಾರದು ಎಂಬ ಪ್ರಶ್ನೆಯನ್ನು ದೊಡ್ಡದು ಮಾಡಿ, ದರ ಯಾರು ಕಟ್ಟುತ್ತಾರೆ, ದಿನ ಯಾರು ಗೊತ್ತು ಮಾಡುತ್ತಾರೆ ಎಂಬ ಪ್ರಶ್ನೆಯನ್ನು ಮುಚ್ಚಿಡುವುದೇ ಈ ‘ನೀವೇ ಬಾಸ್’ ತತ್ವದ ಕೈಚಳಕ.

ಕಲೆ, ಸಾಹಿತ್ಯದ ಪಕ್ಕದ ಕೆಲಸಗಳಲ್ಲಿ ಇರುವವರಿಗೆ ಮೂರನೆಯ ಉಪದೇಶ ಒಂದು ಇದೆ: ಅಭದ್ರತೆ ಇದ್ದರೇ ಒಳ್ಳೆಯದು ಹೊರಬರುತ್ತದೆ, ಹೊಟ್ಟೆ ತುಂಬಿದವನಿಗೆ ಹಾಡು ಹೊಳೆಯುವುದಿಲ್ಲ. ಇದನ್ನು ಹೇಳುವವರು ತಿಂಗಳ ಒಂದನೆಯ ತಾರೀಖಿಗೆ ಪಗಾರ ಎಣಿಸುವವರೇ ಆಗಿರುವುದು ಒಂದು ವಿಚಿತ್ರ. ಬೇಂದ್ರೆಯವರನ್ನು ಸಾಕ್ಷಿಗೆ ಕರೆಯುತ್ತಾರೆ. ಸರಿ, ಬೇಂದ್ರೆಯವರನ್ನೇ ನೋಡೋಣ. ಅವರು ನಮ್ಮ ಊರಿಗೂ ಬೇಕಾದವರೇ. 1932ರಲ್ಲಿ ‘ನರಬಲಿ’ ಪದ್ಯದ ಕಾರಣಕ್ಕೆ ಸರ್ಕಾರ ಅವರನ್ನು ಇದೇ ಹಿಂಡಲಗಾ ಜೈಲಿಗೆ ಹಾಕಿತು. ಹೊರಗೆ ಬಂದ ಮೇಲೆ ನೆಲೆಯಾದ ಸಂಪಾದನೆ ಇಲ್ಲದ ದೀರ್ಘ ಕಾಲ. ಕೊನೆಗೆ 1944ರಲ್ಲಿ ಸೊಲ್ಲಾಪುರದ ಡಿ.ಎ.ವಿ. ಕಾಲೇಜು ಸೇರಿದ ಮೇಲೆ ಹನ್ನೆರಡು ವರ್ಷದ ನೆಲೆ ಸಿಕ್ಕಿತು, ಆಮೇಲೆ ಧಾರವಾಡ ಆಕಾಶವಾಣಿ. ‘ಸಖೀಗೀತ’ ಬಂದದ್ದು 1937ರಲ್ಲಿ, ಆ ಕಷ್ಟದ ನಡುವೆ, ನಿಜ. ಆದರೆ ಆ ಪುಸ್ತಕ ಓದಿದ ಯಾರಾದರೂ ಅದರೊಳಗಿನ ಸಂಸಾರಕ್ಕೆ ಇನ್ನಷ್ಟು ಕಷ್ಟ ಬರಲಿ ಎಂದು ಹಾರೈಸಲು ಸಾಧ್ಯವೇ? ಕಷ್ಟವನ್ನೂ ಮೀರಿ ಬರೆದವನ ಶಕ್ತಿಯನ್ನು ಕಷ್ಟದ ಲೆಕ್ಕಕ್ಕೆ ಜಮಾ ಮಾಡುವುದು ಕೆಟ್ಟ ಲೆಕ್ಕಪತ್ರ. ಕಾದಂಬರಿಕಾರ ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದ್ದನ್ನು ನಾವು ಪ್ರತಿ ಭಾಷಣದಲ್ಲಿ ಹೊಗಳುತ್ತೇವೆ. ಆ ಗಂಟು ಅವರ ತಲೆಯ ಮೇಲೆಯೇ ಯಾಕೆ ಇರಬೇಕಾಗಿತ್ತು ಎಂದು ಕೇಳಿದ ಭಾಷಣಕಾರನನ್ನು ನಾನು ಇನ್ನೂ ಕಂಡಿಲ್ಲ.

ಅದೇ ಧಾರವಾಡದಲ್ಲಿ ಬೇರೆ ರೀತಿ ಯೋಚಿಸಿದವರು ಇದ್ದರು. 1933ರಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಶುರು ಮಾಡಿದಾಗ ಪುಸ್ತಕ ಅಚ್ಚು ಹಾಕಿ ಗಿರಾಕಿಯನ್ನು ಹುಡುಕಿಕೊಂಡು ಹೊರಡುವ ದಾರಿ ಹಿಡಿಯಲಿಲ್ಲ, ಚಂದಾದಾರರನ್ನು ಮಾಡಿಕೊಂಡರು. ಓದುಗ ಮೊದಲೇ ಚಂದಾ ಕೊಟ್ಟಿರುತ್ತಾನೆ, ಮಾಲೆಯ ಪುಸ್ತಕಗಳು ಅವನ ಮನೆಗೆ ಬರುತ್ತವೆ. ಯಾವ ಪುಸ್ತಕ ಬರಬೇಕು ಎಂಬುದು ಗ್ರಂಥಮಾಲೆಯ ಕಚೇರಿ ಇರುವ ಅಟ್ಟದ ಮೇಲೆ ಕೂತವರ ರುಚಿಗೆ ಬಿಟ್ಟದ್ದು. ಹೆಸರಿಲ್ಲದ ಇಪ್ಪತ್ತರ ಹರೆಯದ ಹುಡುಗನೊಬ್ಬನ ಮೊದಲ ನಾಟಕವನ್ನು ಅವರು 1961ರಲ್ಲಿ ಹಾಕಿದರು. ಹುಡುಗ ಗಿರೀಶ ಕಾರ್ನಾಡ, ನಾಟಕ ‘ಯಯಾತಿ’. ಒಂದೊಂದೇ ಪ್ರತಿ ಮಾರಿ ಪ್ರೆಸ್ಸಿನ ಬಾಕಿ ತೀರಿಸುವ ಪ್ರಕಾಶಕನಿಗೆ ಆ ಧೈರ್ಯ ಸುಲಭಕ್ಕೆ ಬರುವುದಿಲ್ಲ. ಭದ್ರತೆ ರುಚಿಯನ್ನು ಕೆಡಿಸುತ್ತದೆ ಎನ್ನುವವರು ಸುಭಾಷ ರೋಡಿನ ಆ ಅಟ್ಟ ಹತ್ತಿ ಬರಲಿ.

ಇಲ್ಲಿಗೆ ನನ್ನ ವಾದ ಎಲ್ಲಿಗೆ ಹೊರಟಿದೆ ಎಂದು ನಿಮಗೆ ಹೊಳೆದಿರಬೇಕು. ಬಿಡಿ ಬಿಡಿ ಕೆಲಸದ ಬದಲು ವರ್ಷದ ಮಾತುಕತೆ, ನೂರು ಗಿರಾಕಿಯ ಬದಲು ನಾಲ್ಕೈದು ಮನೆ. ಇದನ್ನು ಹೇಳಿದ ಕೂಡಲೇ ನನ್ನ ಮೇಲೆ ಬೀಳುವ ಪೆಟ್ಟು ಗಟ್ಟಿಯಾದದ್ದು, ಅದನ್ನು ತಪ್ಪಿಸಿಕೊಳ್ಳುವುದಿಲ್ಲ. ‘ಅಂದ್ರ ಆಯಗಾರಕಿ ಮಾಡಂತೀಯೇನು?’ ಎಂದು ನನ್ನ ಗೆಳೆಯನೊಬ್ಬ, ಖಾನಾಪುರ ಕಡೆಯ ಬಡಿಗರ ಮನೆಯವನು, ಮುಖಕ್ಕೆ ಹೊಡೆದಂತೆ ಕೇಳಿದ.

ಆಯ ಎಂದರೆ ಏನೆಂದು ಈಗಿನವರಿಗೆ ಹೇಳಬೇಕಾಗುತ್ತದೆ. ಊರಿನ ಬಡಿಗ ವರ್ಷವಿಡೀ ರೈತರ ಕೂರಿಗೆ, ಕುಂಟಿ, ನೇಗಿಲು ರಿಪೇರಿ ಮಾಡಿಕೊಡುತ್ತಿದ್ದ. ಕಮ್ಮಾರ ಕುಡ ತಟ್ಟಿಕೊಡುತ್ತಿದ್ದ. ಕುಂಬಾರ ಗಡಿಗೆ ಕೊಡುತ್ತಿದ್ದ. ಆಗಾಗ ರೊಕ್ಕ ಕೇಳುವಂತಿಲ್ಲ. ಸುಗ್ಗಿಯಲ್ಲಿ ರಾಶಿಯಾದ ದಿನ ಕಣಕ್ಕೆ ಹೋಗಿ ತನ್ನ ಪಾಲಿನ ಕಾಳು ಎತ್ತಿಕೊಳ್ಳಬೇಕು. ಕನ್ನಡದಲ್ಲಿ ಆಯ, ಮರಾಠಿಯಲ್ಲಿ ಬಲುತೆ. ಕಣದಲ್ಲಿ ನಿಂತವನಿಗೆ ಈ ವರ್ಷ ಉಪವಾಸವಿಲ್ಲ ಎಂಬುದು ಗೊತ್ತಿರುತ್ತಿತ್ತು. ಆ ಮಟ್ಟಿಗೆ ಅದು ಭದ್ರತೆ. ಆದರೆ ಗೆಳೆಯನ ಮಾತಿನಲ್ಲಿದ್ದ ಉರಿ ಸುಳ್ಳಲ್ಲ. ಆಯಗಾರಿಕೆ ಹುಟ್ಟಿನಿಂದ ಬಂದದ್ದು, ಬಿಡುವಂತಿಲ್ಲ. ಎಷ್ಟು ಮೊರ ಕಾಳು ಎಂಬುದನ್ನು ನಿರ್ಧರಿಸುವವನು ಗೌಡ. ಜಾತಿಯಲ್ಲಿ ಕೆಳಗಿದ್ದಷ್ಟೂ ಕೆಲಸ ಹೆಚ್ಚು, ಕಾಳು ಕಡಿಮೆ. ಬೆಳಗಾವಿ ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ, 1928ರಲ್ಲಿ, ಅಂಬೇಡ್ಕರರು ಮುಂಬಯಿ ವಿಧಾನ ಪರಿಷತ್ತಿನಲ್ಲಿ ವಂಶಪಾರಂಪರ್ಯ ಊರ ಸೇವೆಯ ವತನ ಕಾಯ್ದೆಯ ತಿದ್ದುಪಡಿಗೆ ಮಸೂದೆ ತಂದದ್ದು ಇಂಥದ್ದೇ ಕಟ್ಟನ್ನು ಬಿಡಿಸಲು. ಮಹಾರ್ ವತನದಾರನನ್ನು ಹಗಲು ರಾತ್ರಿ ಯಾವ ಹೊತ್ತಿಗೂ ಕೆಲಸಕ್ಕೆ ಕರೆಯಬಹುದಿತ್ತು. ಅದಕ್ಕೆ ಸಿಗುತ್ತಿದ್ದ ಸಂಬಳ ಹೆಸರಿಗಷ್ಟೆ ಸಂಬಳ.

ಆ ವಾಕ್ಯವನ್ನು ಈಗ ಇನ್ನೊಮ್ಮೆ ಓದಿ. ಹಗಲು ರಾತ್ರಿ ಯಾವ ಹೊತ್ತಿಗೂ ಕರೆಯಬಹುದು, ಸಂಬಳ ಹೆಸರಿಗಷ್ಟೆ. ಜಾತಿಯ ಅಪಮಾನಕ್ಕೂ ನನ್ನ ಕಸುಬಿನ ಕಿರಿಕಿರಿಗೂ ಹೋಲಿಕೆ ಮಾಡುವಷ್ಟು ಮೂರ್ಖ ನಾನಲ್ಲ. ಆದರೆ ಕೆಲಸದ ಕರಾರು ಎಂಬ ಒಂದೇ ಕೋನದಿಂದ ನೋಡಿದರೆ, ರಾತ್ರಿ ಒಂದು ಗಂಟೆಗೆ ಗಣಪತಿಯ ಸೊಂಡಿಲು ತಿರುಗಿಸುತ್ತ ಕೂತ ‘ಸ್ವತಂತ್ರ’ನ ಕೈಯಲ್ಲಿ ಆಯಗಾರನಿಗಿದ್ದ ಕಣದ ಕಾಳೂ ಇಲ್ಲ. ಕಟ್ಟು ಉಳಿದಿದೆ, ಕಾಳು ಹೋಗಿದೆ. ಗೆಳೆಯನಿಗೆ ನಾನು ಹೇಳಿದ್ದು ಇಷ್ಟು: ಕಾಳಿನ ಭರವಸೆ ನಮಗೆ ಬೇಕು, ಕಟ್ಟು ಬೇಡ. ದರ ನಾನು ಹೇಳುತ್ತೇನೆ, ಕೆಲಸದ ಅಳತೆ ಕಾಗದದ ಮೇಲೆ ಇರುತ್ತದೆ, ವರ್ಷ ಮುಗಿದ ಮೇಲೆ ಇಬ್ಬರಿಗೂ ಬಿಡುವ ಹಕ್ಕಿರುತ್ತದೆ. ಅವನು ಪೂರ್ತಿ ಒಪ್ಪಲಿಲ್ಲ. ‘ಕಾಗದ ನೋಡಿ ಗೌಡ ಬದಲಾಗೂದಿಲ್ಲೋ’ ಎಂದ. ಅದೂ ಇರಬಹುದು.

ಕಾಗದದ ಮಾತು ಬಂದದ್ದರಿಂದ ಕಾನೂನಿನ ಬಗ್ಗೆ ಎರಡು ಮಾತು. 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯ್ದೆಯ ಪ್ರಕಾರ, ಉದ್ಯಮ್ ನೋಂದಣಿ ಇರುವ ಅತಿಸಣ್ಣ, ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ, ಇದ್ದರೂ 45 ದಿನ ಮೀರದಂತೆ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2023–24ರ ಹಣಕಾಸು ವರ್ಷದಿಂದ ಆದಾಯ ತೆರಿಗೆಯಲ್ಲೂ ಒಂದು ಬಿಗಿ ಬಂದಿದೆ: ಈ ಗಡುವಿನೊಳಗೆ ಕೊಡದ ಬಾಕಿಯನ್ನು ಕೊಳ್ಳುವವನು ಹಣ ಕೊಟ್ಟ ವರ್ಷದ ಖರ್ಚೆಂದು ಮಾತ್ರ ತೋರಿಸಬಹುದು. ಮನೆಯಲ್ಲಿ ಕೂತ ಡಿಟಿಪಿಯವನೂ ಪುಕ್ಕಟೆಯಾಗಿ ನೋಂದಣಿ ಮಾಡಿಸಿಕೊಳ್ಳಬಹುದು. ನಮ್ಮ ಕಸುಬಿನ ಎಷ್ಟು ಜನ ಈ ಕಾನೂನು ಹಿಡಿದು ಬಾಕಿ ಕೇಳುತ್ತಾರೆ? ನನಗೆ ಗೊತ್ತಿರುವವರಲ್ಲಿ ಒಬ್ಬನೂ ಇಲ್ಲ, ನಾನೂ ಕೇಳಲಿಲ್ಲ. ಕೇಳಿದರೆ ಗಿರಾಕಿ ಹೋಗುತ್ತಾನೆ. 83 ಗಿರಾಕಿ ಇದ್ದವನಿಗೆ ಒಬ್ಬ ಹೋದರೆ ಭಯ ಇರಬಾರದಲ್ಲವೆ? ಇರುತ್ತದೆ. ‘ಹೆಚ್ಚು ಗಿರಾಕಿ, ಹೆಚ್ಚು ಭದ್ರತೆ’ ಎಂಬ ಸೂತ್ರ ಉಸಿರು ಬಿಡುವುದು ಇಲ್ಲೇ.

ಸರ್ಕಾರಗಳೂ ಈಗ ಗಿಗ್, ಗಿಗ್ ಎನ್ನುತ್ತಿವೆ. ನೀತಿ ಆಯೋಗದ 2022ರ ವರದಿ, ದೇಶದಲ್ಲಿ 2020–21ರಲ್ಲಿ 77 ಲಕ್ಷ ಗಿಗ್ ಕೆಲಸಗಾರರಿದ್ದರು, 2029–30ರ ಹೊತ್ತಿಗೆ 2.35 ಕೋಟಿ ಆಗುತ್ತಾರೆ ಎಂದು ಅಂದಾಜು ಮಾಡಿತು. ಅದರ ಧಾಟಿ ಬೆಳೆ ಚೆನ್ನಾಗಿ ಬಂದಿದೆ ಎನ್ನುವ ಧಾಟಿ. ಕರ್ನಾಟಕ 2025ರಲ್ಲಿ ಪ್ಲಾಟ್‌ಫಾರ್ಮ್ ಕಾರ್ಮಿಕರಿಗಾಗಿ ಕಾನೂನು ತಂದು, ಅವರಿಗೆ ಆಗುವ ಪಾವತಿಯ ಮೇಲೆ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಹಾಕಿತು. ಒಳ್ಳೆಯ ಕೆಲಸ, ಊಟ ತಂದುಕೊಡುವ ಹುಡುಗರಿಗೆ ಅದು ಬೇಕಾಗಿತ್ತು. ಲಗ್ನಪತ್ರಿಕೆಯವನು ಯಾವ ಆ್ಯಪ್‌ನಲ್ಲೂ ಇಲ್ಲ, ಹೀಗಾಗಿ ಆ ಕಾನೂನಿನಲ್ಲೂ ಇಲ್ಲ. ಅವನ ಕರಾರನ್ನು ಅವನೇ ಬರೆದುಕೊಳ್ಳಬೇಕು.

ನಾನು ಬರೆದುಕೊಂಡ ಕರಾರು ಒಂದೇ ಹಾಳೆಯದು. 2020ರ ದೀಪಾವಳಿಯ ಹೊತ್ತಿಗೆ ಆ ಏಳು ಮಂದಿಯ ಬಳಿ ಹೋದೆ. ವರ್ಷಕ್ಕೆ ಇಷ್ಟು ಪುಟ, ತಿಂಗಳಿಗೆ ಇಷ್ಟು ರೊಕ್ಕ, ಐದನೆಯ ತಾರೀಖಿಗೆ. ಪ್ರೂಫ್ ಎರಡು ಸಲ ಮಾತ್ರ, ಮೂರನೆಯದಕ್ಕೆ ಬೇರೆ ದರ. ರಾತ್ರಿ ಎಂಟರ ಮೇಲೆ ಫೋನ್ ಇಲ್ಲ. ಬಿಡುವುದಿದ್ದರೆ ಮೂರು ತಿಂಗಳು ಮೊದಲೇ ಹೇಳಬೇಕು. ಏಳರಲ್ಲಿ ಇಬ್ಬರು ನಕ್ಕರು. ಒಬ್ಬರು ‘ನೀವೇನ್ ಸರ್ಕಾರಿ ಆಫೀಸ್ ತಗದೀರೇನ್ರಿ’ ಎಂದರು. ನಾಲ್ವರು ಒಪ್ಪಿದರು: ಒಂದು ಪತ್ತಿನ ಸಹಕಾರಿ ಸಂಘ, ಖಾನಾಪುರದ ಒಂದು ಹೈಸ್ಕೂಲು, ಒಬ್ಬ ಸಣ್ಣ ಪ್ರಕಾಶಕ, ಒಂದು ದೇವಸ್ಥಾನದ ಟ್ರಸ್ಟ್. ಒಪ್ಪಿದ್ದು ನನ್ನ ಮೇಲಿನ ಪ್ರೀತಿಯಿಂದಲ್ಲ. ಸಂಘಕ್ಕೆ ಸೆಪ್ಟೆಂಬರಿನೊಳಗೆ ವಾರ್ಷಿಕ ಸಭೆ ಆಗಬೇಕು, ಅಷ್ಟರೊಳಗೆ ಅಹವಾಲು ಕೈಗೆ ಬರಬೇಕು, ಆಗಸ್ಟಿನಲ್ಲಿ ಡಿಟಿಪಿಯವರ ಬಾಗಿಲು ಕಾಯುವುದು ಕಾರ್ಯದರ್ಶಿಗೆ ಸಾಕಾಗಿತ್ತು. ಭದ್ರತೆ ನನಗೊಬ್ಬನಿಗೇ ಬೇಕಾದದ್ದು ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ. ಅವರಿಗೂ ಬೇಕಾಗಿತ್ತು, ಯಾರೂ ಕೇಳಿರಲಿಲ್ಲ ಅಷ್ಟೆ. ನಾಲ್ಕೂ ಬೇರೆ ಬೇರೆ ಮಳೆಯ ಹೊಲಗಳು ಎಂಬುದನ್ನು ಗಮನಿಸಿ: ಸಂಘಕ್ಕೆ ಆಗಸ್ಟ್, ಶಾಲೆಗೆ ಡಿಸೆಂಬರಿನಿಂದ ಮಾರ್ಚ್, ಟ್ರಸ್ಟಿಗೆ ಜಾತ್ರೆ, ಪ್ರಕಾಶಕನಿಗೆ ವರ್ಷವಿಡೀ ನಿಧಾನ.

ಮೊದಲ ಐದು ತಿಂಗಳು ಆದಾಯ ಕುಸಿಯಿತು. ಸುಳ್ಳು ಹೇಳಿ ಪ್ರಯೋಜನವಿಲ್ಲ. ಲಗ್ನಪತ್ರಿಕೆಯವರನ್ನು ವಿಜಯನಗರ ಬಡಾವಣೆಯ ಇನ್ನೊಬ್ಬ ಡಿಟಿಪಿ ಹುಡುಗನ ಹತ್ತಿರ ಕಳಿಸುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು. ನಮ್ಮವ್ವ ಎರಡು ದಿನ ಮಾತು ಬಿಟ್ಟಳು. ಬಾಗಿಲಿಗೆ ಬಂದವರನ್ನು ಕಳಿಸಿದ್ದು ಅವಳಿಗೆ ಲೆಕ್ಕದ ಪ್ರಶ್ನೆಯಾಗಿರಲಿಲ್ಲ, ಪಾಪದ ಪ್ರಶ್ನೆ. 2023ರಲ್ಲಿ ಸಂಘ ಕರಾರು ಮುಂದುವರಿಸಲಿಲ್ಲ. ನಾಲ್ಕರಲ್ಲಿ ಒಂದು ಹೋದರೆ ಕಾಲು ಭಾಗ ಹೋದಂತೆ, ನೋಡಿದಿರಾ ಎಂದು ಉಪದೇಶಕರು ಕುಣಿಯಬಹುದು. ಹೋಯಿತು, ಮೂರು ತಿಂಗಳ ನೋಟೀಸು ಕೊಟ್ಟು ಹೋಯಿತು. ಆ ಮೂರು ತಿಂಗಳಲ್ಲಿ ಇನ್ನೊಂದು ಸಂಘ ಸಿಕ್ಕಿತು. ಹಿಂದಿನ 83 ಮಂದಿಯಲ್ಲಿ ಹೋಗುವಾಗ ಹೇಳಿ ಹೋದವರು ಯಾರೂ ನೆನಪಿಲ್ಲ.

ನನ್ನ ವಾದದ ತಳದಲ್ಲಿ ಒಂದು ತೂತಿದೆ, ಅದನ್ನು ಬೇರೆಯವರು ತೋರಿಸುವ ಮೊದಲು ನಾನೇ ತೋರಿಸುತ್ತೇನೆ. ಆ ಐದು ತಿಂಗಳು ಮನೆ ನಡೆದದ್ದು ನನ್ನ ಹೆಂಡತಿಯ ಪಗಾರದಿಂದ. ಅವಳು ಶಾಲೆಯಲ್ಲಿ ಟೀಚರು. ಬಾಡಿಗೆ ಮನೆಯಲ್ಲಿ ಒಬ್ಬನೇ ದುಡಿಯುವ ಹುಡುಗನಿಗೆ ನಾಳೆಯಿಂದ ಗಿರಾಕಿಯನ್ನು ಹೊರಗೆ ಹಾಕು ಎಂದು ನಾನು ಹೇಳಿದರೆ ನಾನೂ ಆ ಮೊಬೈಲ್ ಗುರುಗಳ ಸಾಲಿಗೇ ಸೇರುತ್ತೇನೆ. ಅವನಿಗೆ ಹೇಳುವುದು ಬೇರೆ: ನಿನ್ನ ವಹಿ ಬರೆದಿಡು, ರಾತ್ರಿ ಕದ್ದವರು ಯಾರು, ರೊಕ್ಕ ಕೊಟ್ಟವರು ಯಾರು ನೋಡು, ಒಬ್ಬನೇ ಒಬ್ಬ ಗಿರಾಕಿಯನ್ನು ತಿಂಗಳ ಲೆಕ್ಕಕ್ಕೆ ತಿರುಗಿಸು, ಆಮೇಲೆ ಮುಂದಿನದು. ನಮ್ಮಲ್ಲಿ ಪಿಗ್ಮಿ ಕಟ್ಟುವ ಚಹದಂಗಡಿಯವನಿಗೆ ಈ ಬುದ್ಧಿ ಯಾರೂ ಹೇಳಿಕೊಡಬೇಕಾಗಿಲ್ಲ. 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆಯವರು ದಿನಕ್ಕೆ ಎರಡಾಣೆಯ ಪಿಗ್ಮಿ ಶುರು ಮಾಡಿದ್ದು, ದಿನದ ಗಳಿಕೆ ಏರುಪೇರಾದರೂ ಕೊನೆಗೆ ಒಂದು ಗಂಟು ಕೈಗೆ ಸಿಗಲಿ ಎಂದೇ. ಏರುಪೇರನ್ನು ಸಾಹಸ ಎಂದು ಹಾಡಿ ಹೊಗಳುವ ಚಟ ಅಂಗಡಿಯವನಿಗಿಲ್ಲ, ಅದು ಕಲಿತವರಿಗೆ ಬಂದ ಕಾಯಿಲೆ.

ಕೊನೆಯದಾಗಿ ಸುಖದ ಮಾತು. ‘ಮೊದಲು ಗಟ್ಟಿ ನಿಂತ್ಕೋ, ಖುಷಿ ಆಮ್ಯಾಲೆ’ ಎನ್ನುವವರು ಖುಷಿಯನ್ನು ಊಟದ ನಂತರದ ಕುಂದಾ ಎಂದುಕೊಂಡಿದ್ದಾರೆ, ಸಿಕ್ಕರೆ ಸಿಕ್ಕಿತು. ನನ್ನ ಕಸುಬಿನಲ್ಲಿ ಖುಷಿಯೇ ಕಣ್ಣು. ಹಳೆಯ ‘ನುಡಿ’ ಫಾಂಟಿನಲ್ಲಿದ್ದ ಪುಸ್ತಕವನ್ನು ಯೂನಿಕೋಡಿಗೆ ತಿರುಗಿಸಿದಾಗ ಅರ್ಕಾವತ್ತುಗಳು ತಮ್ಮ ಜಾಗ ಬಿಟ್ಟು ಪಕ್ಕದ ಅಕ್ಷರಕ್ಕೆ ಹೋಗಿ ಕೂರುತ್ತವೆ. ಸಾಲುಗಳ ನಡುವಿನ ಅಂತರ ತುಸು ಬಿಗಿಯಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ‘ಸ್ತ್ರೀ’ಯ ಕಾಲು ‘ಕಿ’ಯ ತಲೆಯ ಮೇಲೆ. ಓದುಗನಿಗೆ ಏನಾಗಿದೆ ಎಂದು ತಿಳಿಯುವುದಿಲ್ಲ, ಎರಡು ಪುಟಕ್ಕೆ ಕಣ್ಣು ದಣಿದು ಪುಸ್ತಕ ಮಡಚುತ್ತಾನೆ. ಈ ತಾಗುವಿಕೆಯನ್ನು ಪುಟಪುಟದಲ್ಲಿ ಹುಡುಕಿ ಬಿಡಿಸುವುದು ನನಗೆ ಜಗತ್ತಿನಲ್ಲಿ ಬಹಳ ಇಷ್ಟವಾದ ಕೆಲಸ. ಈಗ ಗುರುವಾರ ಪೂರ್ತಿ ಅದಕ್ಕೇ. ಪ್ರಕಾಶಕ ಕೊಡುವ ದರ ನಾಲ್ವರಲ್ಲಿ ತೀರ ಕಡಿಮೆ. ವ್ಯಾಪಾರದ ಲೆಕ್ಕದಲ್ಲಿ ಮೊದಲು ಬಿಡಬೇಕಾದವನು ಅವನೇ. ಆದರೆ ಗುರುವಾರದ ಕಣ್ಣು ಉಳಿದ ದಿನಗಳಿಗೂ ಸಾಲುತ್ತದೆ. ಐದು ವರ್ಷದಲ್ಲಿ ಬದುಕಿದ್ದವರ ಹೆಸರಿಗೆ ‘ಕೈ.’ ಬಿದ್ದಿಲ್ಲ.

ಕಳೆದ ವಾರ ಮಳೆಯಲ್ಲೇ ಖಾನಾಪುರದ ಬಸ್ಸು ಹತ್ತಿ ಹೈಸ್ಕೂಲಿಗೆ ಹೋದೆ. ಕರಾರಿನ ಹಾಳೆಯಲ್ಲಿ ಈ ವರ್ಷ ಎರಡು ಬದಲಾವಣೆ: ತಿಂಗಳಿಗೆ 600 ರೂಪಾಯಿ ಹೆಚ್ಚು, ಮತ್ತು ಮೇ ತಿಂಗಳಲ್ಲಿ ಹದಿನೈದು ದಿನ ನನಗೆ ಸೂಟಿ, ಆ ದಿನಗಳಿಗೂ ರೊಕ್ಕ. ಎರಡನೆಯದನ್ನು ಬರೆಯುವಾಗ ಕೈ ತುಸು ನಡುಗಿತ್ತು. ಹೆಡ್‌ಮಾಸ್ತರರು ಕನ್ನಡಕ ಏರಿಸಿ ಎರಡು ಸಲ ಓದಿದರು. ‘ಸೂಟಿಗೂ ಪಗಾರ ಏನ್ರೀ?’ ಎಂದರು. ‘ನಿಮಗ ಇಲ್ಲೇನ್ರೀ ಸರ?’ ಎಂದೆ. ಅವರು ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿಟ್ಟುಕೊಂಡು, ‘ಕಮಿಟಿ ಮುಂದ ಇಡ್ತೀನಿ’ ಎಂದರು. ಕಮಿಟಿ ಕೂರುವುದು ಮುಂದಿನ ಶನಿವಾರ.